ಬಿಟ್ಟ ಮೇಲಿನ ಬಾಳು



ಶ್ರಾವಣ ಮಾಸದ ಈ ಪ್ರವಚನಮಾಲೆಯಲ್ಲಿ ಮದ್ಯಪಾನದ ಕೇಡನ್ನು ಕುರಿತು ಹಲವರು ಮಾತನಾಡಿದ್ದಾರೆ. ಹೊಲ ಒತ್ತೆ ಬೀಳುತ್ತದೆ, ಯಕೃತ್ತು ಕೆಡುತ್ತದೆ, ಮನೆಯ ಮರ್ಯಾದೆ ಬೀದಿಗೆ ಬರುತ್ತದೆ, ಮಕ್ಕಳ ಓದು ನಿಲ್ಲುತ್ತದೆ. ಇವು ನಿಮಗೆ ತಿಳಿಯದ ಸಂಗತಿಗಳಲ್ಲ. ಕುಡಿಯುವವನಿಗೂ ತಿಳಿಯದವಲ್ಲ, ಅವನಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆದುದರಿಂದ ಈ ಸಂಜೆ ಅದನ್ನು ಮತ್ತೆ ಹೇಳುವುದಿಲ್ಲ. ಕುಡಿತವನ್ನು ಬಿಟ್ಟವರ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಬಿಡುವ ತನಕ ಎಲ್ಲರೂ ಅವನ ಬೆನ್ನು ಹತ್ತಿರುತ್ತಾರೆ. ಬಿಟ್ಟ ಮೇಲೆ ಅವನು ಹೇಗಿದ್ದಾನೆ ಎಂದು ಕೇಳುವವರು ಬಹಳ ಕಡಿಮೆ.

ಇಳಕಲ್ಲಿನ ಶ್ರೀ ವಿಜಯಮಹಾಂತೇಶ ಮಠದ ಪೂಜ್ಯ ಡಾ. ಮಹಾಂತ ಶಿವಯೋಗಿಗಳನ್ನು ಈ ಸಂದರ್ಭದಲ್ಲಿ ನೆನೆಯಲೇಬೇಕು. 1975ರಲ್ಲಿ ಅವರು ಜೋಳಿಗೆ ಹಿಡಿದು ಹೊರಟರು. ಜಂಗಮನ ಜೋಳಿಗೆಗೆ ಭಕ್ತರು ಜೋಳ ನೀಡುತ್ತಾರೆ, ಹಿಟ್ಟು ನೀಡುತ್ತಾರೆ, ಕಾಣಿಕೆ ನೀಡುತ್ತಾರೆ. ಅವರು ಬೇಡಿದ್ದು ಇದಾವುದನ್ನೂ ಅಲ್ಲ. ನಿಮ್ಮ ದುಶ್ಚಟಗಳನ್ನು ಈ ಜೋಳಿಗೆಗೆ ಹಾಕಿರಿ ಎಂದು ಬೇಡಿದರು. ಊರೂರು ತಿರುಗಿದರು, ಕೇರಿಕೇರಿಗೆ ಹೋದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತಾರೆ. ಜೋಳಿಗೆಗೆ ಹಾಕಿದವನ ಕೈ ಆ ಕ್ಷಣಕ್ಕೆ ಬರಿದಾಗುತ್ತದೆ. ಬರಿದಾದ ಆ ಕೈಯಲ್ಲಿ ಅವನು ಮುಂದೆ ಏನನ್ನು ಹಿಡಿಯಬೇಕು? ಇದೇ ಇಂದಿನ ವಿಚಾರ.

ಕೆಲವು ವರ್ಷಗಳ ಹಿಂದೆ ನಮ್ಮ ಮಠಕ್ಕೆ ಒಬ್ಬ ಭಕ್ತ ಬಂದಿದ್ದ. ಬಡಿಗತನ ಅವನ ಕಾಯಕ. ಕೈಯಲ್ಲಿ ಒಳ್ಳೆಯ ಕಸಬು ಇತ್ತು. ಕುಡಿತದಿಂದ ಕೆಲಸ ಕೆಟ್ಟಿತ್ತು. ನಮಸ್ಕಾರ ಮಾಡಿ ಬಹಳ ಹೊತ್ತು ಸುಮ್ಮನೆ ಕುಳಿತ. ಆಮೇಲೆ ಹೇಳಿದ: “ಅಪ್ಪಾರ, ಕುಡಿಯೂದು ಬಿಟ್ಟು ಐದು ತಿಂಗಳಾತು. ಸಾಲ ಕಡಿಮಿ ಆಗೇತಿ, ಮನ್ಯಾಗ ಜಗಳಿಲ್ಲ. ಆದರ ನನಗ ಯಾತರಾಗೂ ರುಚಿ ಇಲ್ಲ. ಸಂಜಿ ಆತಂದ್ರ ಎಲ್ಲಿ ಕೂಡಬೇಕು ಅನ್ನೂದ ತಿಳಿಯಂಗಿಲ್ಲ. ಮಗ ಮಾತಾಡಂಗಿಲ್ಲ. ಹಿಂಗ ಇರೂದಕ್ಕ ಬಿಟ್ಟೇನು?”

ಪಕ್ಕದಲ್ಲಿದ್ದ ಹಿರಿಯರೊಬ್ಬರು, “ಬಿಟ್ಟದ್ದಕ್ಕ ಸಂತೋಷ ಪಡೂದ ಬಿಟ್ಟು ಇದೇನ ಮಾತು?” ಎಂದು ಗದರಿದರು. ಗದರುವ ಮಾತಲ್ಲ ಅದು. ಅವನು ಸತ್ಯವನ್ನು ಹೇಳಿದ್ದ. ಬಿಟ್ಟವರಲ್ಲಿ ಎಷ್ಟೋ ಜನ ಇದನ್ನು ಒಳಗೇ ಇಟ್ಟುಕೊಂಡು, ಯಾರಿಗೂ ಹೇಳಲಾರದೆ, ಒಂದು ದಿನ ಮತ್ತೆ ಅಂಗಡಿಯ ದಾರಿ ಹಿಡಿಯುತ್ತಾರೆ. ಆಗ ಊರವರು, “ನಾಯಿಯ ಬಾಲ ಡೊಂಕೇ” ಎಂದು ನಗುತ್ತಾರೆ. ಅವನ ಪ್ರಶ್ನೆಗೆ ಉತ್ತರ ಕೊಟ್ಟವರು ಯಾರೂ ಇರಲಿಲ್ಲವೆಂಬುದು ನಗುವವರಿಗೆ ತಿಳಿಯದು.

ಮೊದಲು ದೇಹದ ಮಾತನ್ನು ನೋಡೋಣ. ಶರೀರವನ್ನು ಶರಣರು ಕಡೆಗಣಿಸಲಿಲ್ಲ; ಅದನ್ನು ಲಿಂಗದ ನೆಲೆಯೆಂದೇ ಕಂಡರು. ಬಹುಕಾಲ, ದಿನನಿತ್ಯ, ಹೆಚ್ಚಾಗಿ ಕುಡಿದವನ ಮಿದುಳು ಮದ್ಯಕ್ಕೆ ಒಗ್ಗಿಹೋಗಿರುತ್ತದೆ. ಅಂಥವನು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುತ್ತದೆ, ಬೆವರುತ್ತದೆ, ನಿದ್ರೆ ಹಾರುತ್ತದೆ. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರುವುದುಂಟು. ಎರಡು ಮೂರು ದಿನಗಳಾದ ಮೇಲೆ ಕೆಲವರು ಇಲ್ಲದ್ದನ್ನು ಕಾಣುತ್ತಾರೆ, ಎಲ್ಲಿದ್ದೇವೆಂಬುದನ್ನು ಮರೆಯುತ್ತಾರೆ. ಇದು ದೆವ್ವದ ಚೇಷ್ಟೆಯಲ್ಲ, ಪ್ರಾಣಕ್ಕೆ ಅಪಾಯವಿರುವ ರೋಗಸ್ಥಿತಿ. ಆದುದರಿಂದ ತಾಯಂದಿರೇ, ಮನೆಯವರು ಬಿಡುತ್ತೇನೆಂದು ಪ್ರತಿಜ್ಞೆ ಮಾಡಿದ ದಿನ ಕಾಯಿ ಒಡೆದು ಸುಮ್ಮನಾಗಬೇಡಿರಿ. ವೈದ್ಯರ ಬಳಿಗೆ ಕರೆದುಕೊಂಡು ಹೋಗಿರಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಇದಕ್ಕೆ ಚಿಕಿತ್ಸೆ ಇದೆ. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗಳಿವೆ. ಮದ್ದು ಕೊಡುತ್ತಾರೆ, ಕುಡಿತದಿಂದ ಕುಂದಿದ ಬಿ-1 ಜೀವಸತ್ವವನ್ನು ಕೊಡುತ್ತಾರೆ. ಮಠದಲ್ಲಿ ಪ್ರತಿಜ್ಞೆ ಮಾಡಿ ಆಸ್ಪತ್ರೆಯಲ್ಲಿ ಮದ್ದು ತೆಗೆದುಕೊಂಡರೆ ಭಕ್ತಿಗೆ ಕೊರತೆಯಿಲ್ಲ. ಹಾವು ಕಚ್ಚಿದವನು ವಿಭೂತಿ ಧರಿಸಿಯೇ ಆಸ್ಪತ್ರೆಗೆ ಹೋಗಬಹುದಲ್ಲವೇ?

ಆ ಅಪಾಯ ಕಳೆದ ಮೇಲೆ ಬರುವುದು ಈ ರುಚಿಯಿಲ್ಲದ ಕಾಲ. ಮನುಷ್ಯನಿಗೆ ಸಣ್ಣ ಸಣ್ಣ ಸಂಗತಿಗಳಲ್ಲಿ ಸಂತೋಷವಾಗುವುದಕ್ಕೆ ಮಿದುಳಿನಲ್ಲಿ ಒಂದು ವ್ಯವಸ್ಥೆಯಿದೆ. ಡೋಪಮಿನ್ ಎಂಬ ರಾಸಾಯನಿಕದ ಪಾತ್ರ ಅದರಲ್ಲಿ ದೊಡ್ಡದೆಂದು ವೈದ್ಯರು ಹೇಳುತ್ತಾರೆ. ಬಿಸಿ ರೊಟ್ಟಿಯಲ್ಲಿ, ಮಗುವಿನ ಮಾತಿನಲ್ಲಿ, ಮುಗಿದ ಕೆಲಸದಲ್ಲಿ ಅದು ಹಿತವಾಗಿ ಸ್ಪಂದಿಸುತ್ತದೆ. ಮದ್ಯವು ಆ ವ್ಯವಸ್ಥೆಯನ್ನು ಬಲವಂತದಿಂದ ಬಡಿದೆಬ್ಬಿಸುತ್ತದೆ. ಹತ್ತು ವರ್ಷ ಹಾಗೆ ಬಡಿಸಿಕೊಂಡ ಮೇಲೆ ಮೆಲುದನಿಯಲ್ಲಿ ಕರೆದರೆ ಅದು ಏಳುವುದಿಲ್ಲ. ಸರಿಯಾಗಲು ವಾರಗಳು ಬೇಕು, ತಿಂಗಳುಗಳು ಬೇಕು. ನಿದ್ರೆಯೂ ಹಾಗೆಯೇ ನಿಧಾನವಾಗಿ ಹಿಂದಿರುಗುತ್ತದೆ. ಆದುದರಿಂದ ಬಿಟ್ಟವನಿಗೆ ಲೋಕ ಸಪ್ಪೆಯಾಗಿ ಕಂಡರೆ, ಬಾಳೇ ಸಪ್ಪೆಯೆಂದು ತಿಳಿಯಬಾರದು. ಜ್ವರ ಬಂದು ಬಿಟ್ಟವನ ನಾಲಿಗೆಗೆ ಅನ್ನ ಕಹಿಯಾಗಿರುತ್ತದೆ, ಅನ್ನ ಕೆಟ್ಟಿರುವುದಿಲ್ಲ.

ಇಷ್ಟು ತಿಳಿದರೆ ತಾಳ್ಮೆ ಬರುತ್ತದೆ. ಆದರೆ ತಾಳ್ಮೆಯೊಂದೇ ತೃಪ್ತಿಯಲ್ಲ.

ಮದ್ಯ ಎಂಬ ಪದವನ್ನು ನೋಡಿರಿ. ‘ಮದ್’ ಎಂಬ ಧಾತುವಿನಿಂದ ಅದು ಬಂದಿದೆ. ಆ ಧಾತುವಿಗೆ ವ್ಯಾಕರಣಕಾರರು ಹೇಳಿದ ಅರ್ಥ ಹರ್ಷ. ಮದವೂ ಮತ್ತೂ ಅದರಿಂದಲೇ ಹುಟ್ಟಿವೆ. ಕುಡಿಯುವವನು ಹುಡುಕಿದ್ದು ಹರ್ಷವನ್ನೇ. ಹುಡುಕಿದ್ದು ತಪ್ಪಲ್ಲ, ಹುಡುಕಿದ ಸ್ಥಳ ತಪ್ಪು. ವ್ಯಸನವೆಂಬ ಪದಕ್ಕೆ ಕೌಟಿಲ್ಯನು ಅರ್ಥ ಹೇಳುವಾಗ, ಮನುಷ್ಯನನ್ನು ಶ್ರೇಯಸ್ಸಿನಿಂದ ದೂರಕ್ಕೆ ಎಸೆಯುವಂಥದು ಎಂಬ ಅಭಿಪ್ರಾಯವನ್ನು ಕೊಡುತ್ತಾನೆ. ದೂರ ಎಸೆಯಲ್ಪಟ್ಟವನು ಹಿಂದಕ್ಕೆ ನಡೆದು ಬರಬೇಕು. ಬಿಡುವುದೆಂದರೆ ಎಸೆತ ನಿಂತಿತು ಎಂದಷ್ಟೇ ಅರ್ಥ. ನಡಿಗೆ ಇನ್ನೂ ಉಳಿದಿದೆ.

ಇನ್ನೆರಡು ಪದಗಳಿವೆ: ತೃಷ್ಣೆ, ತೃಪ್ತಿ. ಕಿವಿಗೆ ಅಕ್ಕತಂಗಿಯರಂತೆ ಕೇಳುತ್ತವೆ. ‘ತೃಷ್’ ಧಾತುವಿನಿಂದ ತೃಷ್ಣೆ, ‘ತೃಪ್’ ಧಾತುವಿನಿಂದ ತೃಪ್ತಿ. ಒಂದಕ್ಷರದ ಅಂತರ. ತೃಷ್ಣೆಯನ್ನು ಕುಡಿದು ತಣಿಸುತ್ತೇನೆಂದರೆ ಅದು ಬೆಳೆಯುತ್ತದೆ. ಮೊದಲು ಒಂದು ಲೋಟ ಸಾಕಾಗಿದ್ದವನಿಗೆ ಆಮೇಲೆ ನಾಲ್ಕೂ ಸಾಲವು. ತೃಪ್ತಿಯ ರೀತಿ ಬೇರೆ. ಹಸಿದವರೊಡನೆ ಹಂಚಿಕೊಂಡ ಅರ್ಧ ರೊಟ್ಟಿಯಿಂದಲೂ ಅದು ಬರಬಲ್ಲದು.

ನಮ್ಮ ಷಟ್‌ಸ್ಥಲ ಸಿದ್ಧಾಂತದಲ್ಲಿ ಅರ್ಪಣದ ಕ್ರಮವನ್ನು ಹೇಳುವಾಗ ಈ ಭೇದವನ್ನು ಬಹಳ ಸೂಕ್ಷ್ಮವಾಗಿ ತೋರಿಸಿದ್ದಾರೆ. ಮೂಗಿನ ಗಂಧ ಆಚಾರಲಿಂಗಕ್ಕೆ, ನಾಲಿಗೆಯ ರಸ ಗುರುಲಿಂಗಕ್ಕೆ, ಕಣ್ಣಿನ ರೂಪ ಶಿವಲಿಂಗಕ್ಕೆ, ಚರ್ಮದ ಸ್ಪರ್ಶ ಜಂಗಮಲಿಂಗಕ್ಕೆ, ಕಿವಿಯ ಶಬ್ದ ಪ್ರಸಾದಲಿಂಗಕ್ಕೆ. ಆರನೆಯದಾದ ಮಹಾಲಿಂಗಕ್ಕೆ ಅರ್ಪಿತವಾಗುವುದು ತೃಪ್ತಿ. ಅದರ ಮುಖ ಹೃದಯ. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ತೃಪ್ತಿಯನ್ನು ನಾಲಿಗೆಗೆ ಕೊಡಲಿಲ್ಲ, ಹೃದಯಕ್ಕೆ ಕೊಟ್ಟರು. ನಾಲಿಗೆ ರಸವನ್ನು ಅರಿಯಬಲ್ಲದು, ತೃಪ್ತಿಯನ್ನು ಅರಿಯಲಾರದು. ಹೃದಯದ ಪದಾರ್ಥವನ್ನು ನಾಲಿಗೆಯಿಂದ ಗಳಿಸಲು ಹೊರಟದ್ದೇ ಕುಡಿತದ ಮೂಲ. ಹಾಗೆಯೇ, ನಾಲಿಗೆಯನ್ನು ಕಟ್ಟಿದ ಮಾತ್ರಕ್ಕೆ ಹೃದಯ ತುಂಬುವುದಿಲ್ಲ. ಆ ಬಡಿಗನಿಗೆ ಆಗಿದ್ದುದು ಇದೇ. ನಾಲಿಗೆಯನ್ನು ಗೆದ್ದಿದ್ದ, ಹೃದಯ ಬರಿದಾಗಿಯೇ ಇತ್ತು.

ಎರೆಹೊಲದಲ್ಲಿ ಕರಿಕೆ ಹಬ್ಬಿದರೆ ಒಕ್ಕಲಿಗ ಏನು ಮಾಡುತ್ತಾನೆ? ಆಳವಾಗಿ ಉತ್ತು ಬೇರು ಆರಿಸಿ ಹಾಕುತ್ತಾನೆ. ಅಷ್ಟಕ್ಕೆ ಬಿಟ್ಟು ಮನೆಗೆ ಬಂದರೆ ಮುಂದಿನ ಮಳೆಗೆ ಕರಿಕೆ ಮತ್ತೆ ಚಿಗುರುತ್ತದೆ. ಹದ ನೋಡಿ ಜೋಳ ಬಿತ್ತಬೇಕು, ಎಡೆ ಹೊಡೆಯಬೇಕು, ಬೆಳೆ ನೆಲವನ್ನು ಮುಚ್ಚಬೇಕು. ಬೆಳೆ ನಿಂತ ಹೊಲದಲ್ಲಿ ಕಸಕ್ಕೆ ಎಡೆ ಕಡಿಮೆ. ಕುಡಿತ ಬಿಟ್ಟವನ ದಿನದಲ್ಲಿಯೂ ಹಾಗೆ ಬರಿದಾದ ನೆಲವಿದೆ. ಅದು ಸಂಜೆಯ ಎರಡು ತಾಸು. ಆ ಎರಡು ತಾಸನ್ನು ಏನು ಬಿತ್ತಿ ತುಂಬುತ್ತೀರಿ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಆ ಭಕ್ತನಿಗೆ ನಾವು ಉಪದೇಶವನ್ನೇನೂ ಹೆಚ್ಚು ಮಾಡಲಿಲ್ಲ. “ನಾಳೆಯಿಂದ ದೀಪ ಹಚ್ಚುವ ಹೊತ್ತಿಗೆ ಮಠಕ್ಕೆ ಬಾ. ದಾಸೋಹದ ಮನೆಯ ಬಾಗಿಲು ಸವೆದಿವೆ, ಮಣೆಗಳು ಮುರಿದಿವೆ. ದಿನಕ್ಕೆ ಒಂದಿಷ್ಟು ದುರಸ್ತಿ ಮಾಡು. ಆಮೇಲೆ ಪಂಕ್ತಿಯಲ್ಲಿ ನೀರು ಬಡಿಸು” ಎಂದೆವು. ಮೊದಲ ವಾರ ಕಾಟಾಚಾರಕ್ಕೆ ಬಂದ. ಒಂದು ದಿನ ಬರಲಿಲ್ಲ. ಮರುದಿನ ಬಂದ, ಯಾಕೆಂದು ಯಾರೂ ಕೇಳಲಿಲ್ಲ. ತಿಂಗಳಾದ ಮೇಲೆ ನೀರು ಬಡಿಸುವಾಗ ಯಾರು ಎಷ್ಟು ಕುಡಿಯುತ್ತಾರೆಂಬುದು ಅವನಿಗೆ ತಿಳಿದಿತ್ತು. ಮುದುಕರಿಗೆ ಕೇಳದೆಯೇ ಬಿಸಿನೀರು ತರುತ್ತಿದ್ದ. ಒಂದು ರಾತ್ರಿ ಪ್ರಸಾದ ಮುಗಿದ ಮೇಲೆ ಅವನ ಮಗ ಬಾಗಿಲಲ್ಲಿ ನಿಂತು, “ಅಪ್ಪಾ, ಅವ್ವ ಕರೀತಾಳ” ಎಂದ. ಅಷ್ಟೇ ಮಾತು. ಅವನು ತಲೆಯ ಮೇಲಿನ ವಸ್ತ್ರದಿಂದ ಕಣ್ಣು ಒರೆಸಿಕೊಂಡು ಹುಡುಗನ ಹಿಂದೆ ನಡೆದ.

ಇದರಲ್ಲಿ ಪವಾಡವೇನೂ ಇಲ್ಲ. ಕಾಯಕ ಅವನ ಕೈಗೆ ಮರಳಿತು, ದಾಸೋಹ ಅವನ ಹೃದಯವನ್ನು ತಟ್ಟಿತು. ಕಾಯಕವೆಂದರೆ ಹೊಟ್ಟೆಯ ದುಡಿಮೆ ಮಾತ್ರವಲ್ಲ. ದುಡಿಮೆಯ ಕೂಲಿಯನ್ನು ಹಿಡಿದುಕೊಂಡೇ ಅಂಗಡಿಗೆ ಹೋಗುತ್ತಿದ್ದ ಕಾಲವೂ ಇತ್ತಲ್ಲ! ದುಡಿದದ್ದು ದಾಸೋಹವಾಗಬೇಕು, ಇನ್ನೊಬ್ಬರ ಹಸಿವೆಗೆ, ಇನ್ನೊಬ್ಬರ ನೀರಡಿಕೆಗೆ ಸಲ್ಲಬೇಕು. ತನ್ನ ನೀರಡಿಕೆಯನ್ನೇ ಹತ್ತು ವರ್ಷ ನೋಡಿಕೊಂಡವನು ಬೇರೊಬ್ಬರ ನೀರಡಿಕೆಯನ್ನು ನೋಡಲು ಕಲಿತ ದಿನ ತೃಪ್ತಿಯ ಬಾಗಿಲು ತೆರೆಯುತ್ತದೆ.

ಇದೇ ಸತ್ಯವನ್ನು ದೂರದ ದೇಶದವರೂ ತಮ್ಮ ಅನುಭವದಿಂದ ಕಂಡುಕೊಂಡಿದ್ದಾರೆ. 1935ರಲ್ಲಿ ಅಮೆರಿಕದ ಓಹಾಯೋ ಪ್ರಾಂತದ ಆಕ್ರನ್ ಎಂಬ ಊರಿಗೆ ಬಿಲ್ ವಿಲ್ಸನ್ ಎಂಬ ಶೇರುಪೇಟೆಯ ವ್ಯವಹಾರಸ್ಥ ಹೋಗಿದ್ದ. ಅವನೂ ಕುಡಿತ ಬಿಟ್ಟು ಸುಮಾರು ಐದು ತಿಂಗಳಾಗಿತ್ತು. ಹೋದ ವ್ಯವಹಾರ ಕೆಟ್ಟಿತು, ಪರಸ್ಥಳ, ಒಂಟಿತನ, ಹೋಟೆಲಿನ ಮದ್ಯದಂಗಡಿ ಕರೆಯತೊಡಗಿತು. ತಾನು ಉಳಿಯಬೇಕಾದರೆ ತನ್ನಂಥ ಇನ್ನೊಬ್ಬ ಕುಡುಕನೊಡನೆ ಮಾತನಾಡಬೇಕೆಂದು ಅವನಿಗೆ ಹೊಳೆಯಿತು. ಹುಡುಕಿದಾಗ ಸಿಕ್ಕವರು ರಾಬರ್ಟ್ ಸ್ಮಿತ್ ಎಂಬ ಶಸ್ತ್ರವೈದ್ಯರು. ಕುಡಿತದಿಂದ ವೃತ್ತಿಯನ್ನೇ ಕಳೆದುಕೊಳ್ಳುವ ಸ್ಥಿತಿಯಲ್ಲಿದ್ದವರು. ಒಬ್ಬ ಇನ್ನೊಬ್ಬನಿಗೆ ಉಪದೇಶ ಮಾಡಲಿಲ್ಲ. ತನ್ನ ಕಥೆಯನ್ನು ಹೇಳಿದ. ಅದೇ ವರ್ಷ ವೈದ್ಯರೂ ಬಿಟ್ಟರು. ಆ ಇಬ್ಬರಿಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಗ ಹುಟ್ಟಿ ಅನೇಕ ದೇಶಗಳಿಗೆ ಹಬ್ಬಿತು; ನಮ್ಮ ನಾಡಿನಲ್ಲಿಯೂ ಅದರ ಕೂಟಗಳಿವೆ. ಶ್ರೀ ಕ್ಷೇತ್ರ ಧರ್ಮಸ್ಥಳದ ಆಶ್ರಯದಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳಲ್ಲಿ ಬಿಟ್ಟವರು ಆಮೇಲೆ ನವಜೀವನ ಸಮಿತಿಗಳಲ್ಲಿ ಕೂಡುತ್ತಾರೆ. ಶಿಬಿರ ಕೆಲವು ದಿನಗಳದು, ಸಂಗ ಬಾಳಿನದು. ಹಳೆಯ ಗೆಳೆಯರನ್ನು ಬಿಟ್ಟವನಿಗೆ ಹೊಸ ಸಂಗ ಬೇಕು. ಕುಡಿಯುವಾಗ ನಾಲ್ಕು ಜನರಿದ್ದರು, ಬಿಟ್ಟ ಮೇಲೆ ಒಬ್ಬನೇ ಆದೆ ಎಂದರೆ ಯಾವನು ತಾನೆ ನಿಂತಾನು? ಶರಣರು ಸತ್ಸಂಗಕ್ಕೆ ಅಷ್ಟು ಬೆಲೆ ಕೊಟ್ಟದ್ದು ಸುಮ್ಮನೆ ಅಲ್ಲ.

ಶರಣರೆಂದಾಗ ಹೆಂಡದ ಮಾರಯ್ಯ ನೆನಪಾಗುತ್ತಾನೆ. ಹನ್ನೆರಡನೆಯ ಶತಮಾನದ ಶರಣ. ಹೆಂಡ ಮಾರುವ ವೃತ್ತಿಯಿಂದ ಆ ಹೆಸರು. ಧರ್ಮೇಶ್ವರಲಿಂಗ ಅವನ ಅಂಕಿತ. ತನ್ನ ವೃತ್ತಿಯ ಮಾತುಗಳನ್ನೇ ಹಿಡಿದು ಅವನು ಪರಮಾರ್ಥವನ್ನು ಹೇಳಿದ. ಶರಣಬಳಗವು ಅವನ ಹೆಸರನ್ನು ಕೇಳಿ ಮೂಗು ಮುರಿಯಲಿಲ್ಲ. ಎಂಟುನೂರು ವರ್ಷಗಳಾದರೂ ಅವನನ್ನು ಹೆಂಡದ ಮಾರಯ್ಯನೆಂದೇ ಕರೆಯುತ್ತೇವೆ, ಕೈಮುಗಿದು ಕರೆಯುತ್ತೇವೆ. ಬಿಟ್ಟವರೇ, ಊರಿನವರು ನಿಮ್ಮನ್ನು ಇನ್ನೂ ಹಳೆಯ ಅಡ್ಡಹೆಸರಿನಿಂದ ಕರೆದರೆ ಕುಗ್ಗಬೇಡಿರಿ. ಹೆಸರು ನಾಲಿಗೆಗಳ ಮೇಲೆ ಬಹುಕಾಲ ಉಳಿಯುತ್ತದೆ. ನಡೆ ಬದಲಾದರೆ ಆ ಹೆಸರಿನ ಅರ್ಥ ತಾನಾಗಿಯೇ ಬದಲಾಗುತ್ತದೆ.

ಇನ್ನು ಮನೆಯವರಿಗೆ ಎರಡು ಮಾತು. ತಾಯಂದಿರೇ, ನೀವು ಪಟ್ಟ ಪಾಡು ಸಣ್ಣದಲ್ಲ. ಅದನ್ನು ಮರೆಯಿರೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ನಂಬಿಕೆ ಬರುವುದು ನಿಧಾನವಾದರೆ ಅದು ನಿಮ್ಮ ತಪ್ಪಲ್ಲ. ಆದರೆ ಪ್ರತಿ ಸಂಜೆ ಬಾಯಿಯ ವಾಸನೆ ನೋಡುವುದು, ನೆಂಟರೆದುರು ಹಳೆಯದನ್ನು ತೆಗೆದು ಚುಚ್ಚುವುದು, ಇವನ್ನು ಬಿಡಿರಿ. ಅವನೊಡನೆ ಒಂದು ಹೊತ್ತು ಕೂಡಿ ಉಣ್ಣಿರಿ. ಬಿಟ್ಟವರಿಗೂ ಹೇಳುತ್ತೇವೆ: ನಾನು ಬಿಟ್ಟಿದ್ದೇನೆ, ಇನ್ನು ನನ್ನನ್ನು ಎಲ್ಲರೂ ಗೌರವಿಸಬೇಕು ಎಂದು ಕೇಳಬೇಡಿರಿ. ಹತ್ತು ವರ್ಷ ಮಾಡಿದ ಸಾಲವನ್ನು ಐದು ತಿಂಗಳಲ್ಲಿ ತೀರಿಸಲಾದೀತೇ? ನಂಬಿಕೆಯೂ ಸಾಲವೇ, ದಿನದಿನದ ಕಂತಿನಲ್ಲಿ ತೀರಬೇಕು. ಕೂಲಿಯ ಹಣವನ್ನು ಮನೆಗೆ ತಂದು ಕೊಡಿರಿ. ಹೇಳಿದ ಹೊತ್ತಿಗೆ ಮನೆಗೆ ಬನ್ನಿರಿ. ಮಗನ ಪುಸ್ತಕ ಹರಿದಿದ್ದರೆ ಕೂತು ಹೊಲಿದುಕೊಡಿರಿ. ಮಕ್ಕಳು ಮಾತನ್ನು ನಂಬುವುದಿಲ್ಲ, ಪದೇ ಪದೇ ಕಂಡದ್ದನ್ನು ನಂಬುತ್ತಾರೆ.

ಜಾತ್ರೆಯಲ್ಲಿ, ಮದುವೆಯಲ್ಲಿ, “ಒಂದು ಗುಟುಕಿಗೆ ಏನಾಗತೈತಿ?” ಎಂದು ಕರೆಯುವವರಿರುತ್ತಾರೆ. ಹಾಗೆ ಕರೆಯುವುದು ಸ್ನೇಹವಲ್ಲ. ಬಾವಿಯಿಂದ ಮೇಲೆ ಬಂದವನನ್ನು ಆಟಕ್ಕೆಂದು ನೂಕುವವನು ಗೆಳೆಯನೇ? ಅಂಥ ಕಡೆ ವಾದ ಮಾಡುತ್ತ ನಿಲ್ಲಬೇಡಿರಿ. ಕೈಮುಗಿದು ಎದ್ದು ಬನ್ನಿರಿ. ಒಂದು ವೇಳೆ ಕಾಲು ಜಾರಿತು ಎನ್ನೋಣ. ಎಲ್ಲವೂ ಮುಗಿಯಿತೆಂದು ಅಲ್ಲೇ ಮಲಗಬೇಡಿರಿ. ಅದನ್ನು ಮುಚ್ಚಿಡಬೇಡಿರಿ, ಅಂದೇ ಹೇಳಿರಿ, ವೈದ್ಯರ ಬಳಿಗೆ ಹೋಗಿರಿ, ಸಂಗಕ್ಕೆ ಬನ್ನಿರಿ. ಜಾರಿದವನಿಗೂ ಮಠದ ಬಾಗಿಲು ತೆರೆದಿರುತ್ತದೆ. ಮುಚ್ಚಿಟ್ಟ ಒಂದು ಗುಟುಕು ಒಂದು ಕೊಡವಾಗುವುದಕ್ಕೆ ಬಹಳ ದಿನ ಬೇಕಿಲ್ಲ.

ಕಾನೂನಿನಿಂದ ಎಲ್ಲವೂ ಸರಿಹೋಗುವುದೆಂದು ಕೆಲವರು ತಿಳಿದಿದ್ದಾರೆ. ಮದ್ಯವನ್ನು ನಿಷೇಧಿಸಲು ಸರ್ಕಾರವು ಯತ್ನಿಸಬೇಕೆಂದು ನಮ್ಮ ಸಂವಿಧಾನದ 47ನೆಯ ವಿಧಿ ಹೇಳುತ್ತದೆ. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಿತು. ಬಡವರ ಕೇರಿಯ ತಾಯಂದಿರು ಅಂದು ಸಂತೋಷಪಟ್ಟರು, ಪಡಬೇಕಾದದ್ದೇ. ಆದರೆ ಪಾಕೀಟು ಹೋದರೂ ಬಾಟಲಿ ಉಳಿಯಿತು. ಕಾನೂನು ಅಂಗಡಿಯ ಬಾಗಿಲನ್ನು ಮುಚ್ಚಬಲ್ಲದು, ಅದು ಮುಚ್ಚಲಿ. ಬರಿದಾದ ಹೃದಯವನ್ನು ತುಂಬುವ ಕೆಲಸ ಕಾನೂನಿನದಲ್ಲ. ಅದು ಮನೆಯದು, ಊರಿನದು, ಮಠದ್ದು, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಬಿಟ್ಟವನದೇ.

ಆದುದರಿಂದ ಸದ್ಭಕ್ತರೇ, ಈ ಶ್ರಾವಣದಲ್ಲಿ ವ್ಯಸನ ಬಿಡುವವರು ಬಿಡುವುದರ ಜೊತೆಗೆ ಒಂದನ್ನು ಹಿಡಿಯಿರಿ. ಬೆಳಗಿನ ಲಿಂಗಪೂಜೆಯನ್ನು ಹಿಡಿಯಿರಿ, ಸಂಜೆಯ ಎರಡು ತಾಸಿಗೆ ಒಂದು ಸೇವೆಯನ್ನು ಹಿಡಿಯಿರಿ, ನಿಮಗಿಂತ ಹಿಂದೆ ಉಳಿದ ಒಬ್ಬನ ಕೈಯನ್ನು ಹಿಡಿಯಿರಿ. ಮೊದಮೊದಲು ರುಚಿ ಹತ್ತದಿದ್ದರೂ ಬಿಡಬೇಡಿರಿ. ಬಿತ್ತಿದ ಮರುದಿನವೇ ಯಾರೂ ತೆನೆ ನೋಡಲು ಹೋಗುವುದಿಲ್ಲ. ಊರವರೂ ಅಷ್ಟೇ, ನಿಮ್ಮ ಓಣಿಯಲ್ಲಿ ಬಿಟ್ಟವನೊಬ್ಬನಿದ್ದರೆ ನಾಳೆ ಸಂಜೆ ಅವನ ಕಟ್ಟೆಯ ಮೇಲೆ ಹೋಗಿ ಕುಳಿತು, ಹೇಗಿದ್ದೀಯಪ್ಪಾ ಎಂದು ಕೇಳಿರಿ.

ಹೃದಯದ ತೃಪ್ತಿ ಮಹಾಲಿಂಗಕ್ಕೆ ಸಲ್ಲುವ ಪದಾರ್ಥವೆಂಬುದನ್ನು ಮರೆಯದಿರೋಣ. ಆ ಪದಾರ್ಥವನ್ನು ಗಳಿಸಿ ಅರ್ಪಿಸುವ ಶಕ್ತಿಯನ್ನು ಗುರು ಬಸವಾದಿ ಶರಣರು ನಿಮ್ಮೆಲ್ಲರಿಗೂ ಕರುಣಿಸಲೆಂದು ಹಾರೈಸಿ ನಮ್ಮ ಮಾತಿಗೆ ಮಂಗಳ ಹಾಡುತ್ತೇವೆ.